ಡ್ಯಾಶಿಂಗ್ ಕಾರಿಗೊಂದು ಅರ್ಜಿ

ವಯಸ್ಕ ವಿಶೇಷಚೇತನರು ಸಂತೋಷಪಡುವ ಮುಂಚೆ ಸಂತೋಷ ನಿಯಂತ್ರಣ ಮಂಡಳಿಯ ಒಪ್ಪಿಗೆ ಪಡೆಯತಕ್ಕದ್ದು ಎಂಬ ನಿಯಮ ನಮ್ಮ ಊರಿನಲ್ಲಿ ಬಹುಕಾಲದಿಂದ ಜಾರಿಯಲ್ಲಿದೆ. ಇದರಿಂದ ಯಾರಿಗೂ ತೊಂದರೆಯಾದ ದಾಖಲೆಯಿಲ್ಲ. ತೊಂದರೆಯನ್ನು ದಾಖಲಿಸುವುದು ಬೇರೆ ಮಂಡಳಿಯ ಕೆಲಸ. ಆ ಮಂಡಳಿಯನ್ನು ಇನ್ನೂ ಸ್ಥಾಪಿಸಿಲ್ಲ.

ನಾನು ಸಂತೋಷ ನಿಯಂತ್ರಣ ಮಂಡಳಿಯಲ್ಲಿ ಟಿಪ್ಪಣಿ ಬರೆಯುವ ಗುಮಾಸ್ತ. ಸಾವ್ಕಾರರ ಅರ್ಜಿ ಮೊದಲು ಬಂದದ್ದು ನನ್ನ ಮೇಜಿಗೆ.

ಸಾವ್ಕಾರ ಎಂಬುದು ಮನೆಯವರು ಇಟ್ಟ ಅಡ್ಡಹೆಸರು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಕಂಡ ಕಟ್ಟಡವೆಲ್ಲ ತಮ್ಮದೇ ಎಂಬಂತೆ ನಡೆಯುತ್ತಾರೆ, ಅದಕ್ಕೆ. ವಯಸ್ಸು ನಲವತ್ತರ ಹತ್ತಿರ. ಚಿಕ್ಕಂದಿನಿಂದ ಅವರ ಬುದ್ಧಿ ತನ್ನದೇ ವೇಗದಲ್ಲಿ ಬೆಳೆದುಬಂದಿದೆ. ಓದು ಹತ್ತಲಿಲ್ಲ, ಮಾತು ಕಡಿಮೆ, ಗದ್ದಲ ಆಗಿಬರುವುದಿಲ್ಲ. ಒಂದು ಹೋಟೆಲಿನ ಬಟ್ಟೆ ಒಗೆಯುವ ವಿಭಾಗದಲ್ಲಿ ಟವೆಲ್ ಮಡಿಸುತ್ತಾರೆ. ದಿನಾ ಟವೆಲ್ ಸಾಗಿಸುವ ವ್ಯಾನಿನಲ್ಲೇ ಮನೆಗೆ ಬರುತ್ತಾರೆ, ಆದರೆ ಹಿಂದೆ, ಗಂಟುಗಳ ಮಧ್ಯೆ ಕೂತು. ಮುಂದಿನ ಸೀಟಿನಲ್ಲಿ ಯಾವಾಗಲೂ ಬೇರೆ ಯಾರಾದರೂ ಇರುತ್ತಾರೆ.

ಹೀಗಿರುವಾಗ ಊರ ಹೊರಗಿನ ಥೀಮ್ ಪಾರ್ಕಿನ ಜಾಹೀರಾತನ್ನು ಅವರು ಬಸ್ಸೊಂದರ ಬೆನ್ನ ಮೇಲೆ ನೋಡಿದರು. ಅದರಲ್ಲಿ ನೀಲಿ ಬಣ್ಣದ ಡ್ಯಾಶಿಂಗ್ ಕಾರು ಇತ್ತು. ಅದರಲ್ಲಿ ಯಾರೋ ಒಬ್ಬರೇ ಕೂತು, ತಾವೇ ಸ್ಟೀರಿಂಗ್ ಹಿಡಿದಿದ್ದರು.

"ಅಲ್ಲಿ ನಾನೇ ಓಡಿಸೋದು," ಎಂದು ಅವರು ತಂಗಿಗೆ ಹೇಳಿದರು. ಮರುದಿನವೂ ಹೇಳಿದರು. ಆಮೇಲೆ ಒಂದು ಚೀಲಕ್ಕೆ ಟವೆಲ್, ನೀರಿನ ಬಾಟಲಿ, ಗದ್ದಲಕ್ಕೆ ಕಿವಿ ಮುಚ್ಚುವ ದಪ್ಪ ಮುಚ್ಚಳ ತುಂಬಿ ಬಾಗಿಲ ಬಳಿ ಇಟ್ಟರು. ತಂಗಿ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸದವಳು. ಅಣ್ಣನ ಮಾತನ್ನು ತಳ್ಳಿಹಾಕಿ ಅಭ್ಯಾಸವಿಲ್ಲದವಳು. ಇಬ್ಬರಿಗೂ ರಜ ಹೊಂದಿಸಿಕೊಂಡು ನಮ್ಮ ಕಚೇರಿಗೆ ಬಂದಳು.

ಮೇಲಧಿಕಾರಿಗಳು ಅರ್ಜಿ ಓದಿ ಕನ್ನಡಕ ತೆಗೆದರು.

"ಉದ್ದೇಶ ಏನಮ್ಮ?"

"ಖುಷಿಗೆ ಸಾರ್."

"ಉದ್ದೇಶದ ಜಾಗದಲ್ಲಿ ಖುಷಿ ಅಂತ ಇಲ್ಲ. ಚಿಕಿತ್ಸೆ ಇದೆ, ತರಬೇತಿ ಇದೆ, ಅಂತ್ಯಕ್ರಿಯೆ ಇದೆ. ಯಾವುದು ಹಾಕೋಣ?"

ತಂಗಿ ಸ್ವಲ್ಪ ಯೋಚಿಸಿ, "ತರಬೇತಿ ಹಾಕಿ," ಎಂದಳು.

ಸಾವ್ಕಾರರನ್ನು ಯಾರೂ ಏನೂ ಕೇಳಲಿಲ್ಲ. ಕೋಳಿಯನ್ನು ಕೇಳಿ ಮಸಾಲೆ ಅರೆಯುವ ಪದ್ಧತಿ ಮಂಡಳಿಯಲ್ಲಿ ಇಲ್ಲ. ಆದರೂ ಅವರು ಮೇಜಿನ ಮೇಲೆ ಬಗ್ಗಿ, "ನೀಲಿ ಕಾರು," ಎಂದು ಹೇಳಿದರು. ಬಣ್ಣದ ಆಯ್ಕೆಗೆ ಪ್ರತ್ಯೇಕ ಅರ್ಜಿ ಬೇಕೆಂದು ನಾನು ಟಿಪ್ಪಣಿ ಬರೆದೆ.

ತರಬೇತಿ ಎಂದ ಮೇಲೆ ತಜ್ಞರು ಬೇಕು. ಮಂಡಳಿಯ ವರ್ತನಾ ತಜ್ಞರು ಅಣ್ಣ ತಂಗಿಯರನ್ನು ಒಳಗೆ ಕರೆದು ಕೂರಿಸಿದರು.

"ಇವರು ಅಲ್ಲಿ ಕಿರುಚ್ತಾರಾ?"

"ಅಲ್ಲಿ ಎಲ್ಲರೂ ಕಿರುಚ್ತಾರಲ್ಲ ಮೇಡಂ," ಎಂದಳು ತಂಗಿ.

"ಎಲ್ಲರ ವಿಷಯ ಬಿಡಿ. ಟಿಕೆಟ್ ಇದ್ದವರು ಕಿರುಚಿದರೆ ಅದು ಮನರಂಜನೆ. ವಿಶೇಷಚೇತನ ಪ್ರಮಾಣಪತ್ರ ಇದ್ದವರು ಕಿರುಚಿದರೆ ಅದು ಲಕ್ಷಣ."

"ಹಾಗಾದರೆ ಕಿರುಚಲ್ಲ ಬಿಡಿ."

"ಅಂಥ ಜಾಗದಲ್ಲೂ ಕಿರುಚಲ್ಲ ಅಂದರೆ ಅದೂ ಲಕ್ಷಣವೇ."

ತಂಗಿ ಅಣ್ಣನ ಮುಖ ನೋಡಿದಳು. ಸಾವ್ಕಾರರು ಗಂಭೀರವಾಗಿ ಯೋಚಿಸಿ, "ಸ್ವಲ್ಪ ಕಿರುಚ್ತೀನಿ," ಎಂದರು. ತಜ್ಞರಿಗೆ ಇದು ಬಹಳ ಹಿಡಿಸಿತು. "ಮಿತವಾಗಿ ಕಿರುಚಲು ಒಪ್ಪಿದ್ದಾರೆ" ಎಂದು ಬರೆದು, ಪ್ರವಾಸಕ್ಕೆ ಮುಂಚೆ ಕಚೇರಿಯಲ್ಲೇ ಪೂರ್ವಾಭ್ಯಾಸ ನಡೆಯಲಿ ಎಂದು ಶಿಫಾರಸು ಮಾಡಿದರು.

ಮೊದಲು ಸಾಲಿನಲ್ಲಿ ನಿಲ್ಲುವ ಅಭ್ಯಾಸ. "ಇಷ್ಟು ದಿನದಿಂದ ನಿಮ್ಮ ಕಿಟಕಿ ಮುಂದೆ ಸಾಲಲ್ಲೇ ನಿಂತಿದ್ದಾನಲ್ಲ ಸಾರ್," ಎಂದಳು ತಂಗಿ. ಅದು ಅನೌಪಚಾರಿಕ ತರಬೇತಿ, ಲೆಕ್ಕಕ್ಕಿಲ್ಲ ಎಂದು ಮೇಲಧಿಕಾರಿಗಳು ವಿವರಿಸಿದರು. ಸಾವ್ಕಾರರು ಅದೇ ಕಿಟಕಿ ಮುಂದೆ ಔಪಚಾರಿಕವಾಗಿ ಇನ್ನೊಂದು ಸಲ ನಿಂತು ತೇರ್ಗಡೆಯಾದರು.

ಆಮೇಲೆ ಡ್ಯಾಶಿಂಗ್ ಕಾರಿನ ಅಭ್ಯಾಸ. ಕಚೇರಿಯಲ್ಲಿ ಕಾರು ಎಲ್ಲಿಂದ ತರುವುದು? ಚಕ್ರವಿರುವ ಕುರ್ಚಿಗಳನ್ನು ಉದ್ದನೆಯ ಪಡಸಾಲೆಗೆ ಎಳೆದು ತಂದೆವು. ಒಂದರಲ್ಲಿ ಸಾವ್ಕಾರರು, ಇನ್ನೊಂದರಲ್ಲಿ ಡಿಕ್ಕಿ ಹೊಡೆಸಿಕೊಳ್ಳಲು ಮೇಲಧಿಕಾರಿಗಳು. ಬೇರೆ ಯಾರೂ ಮುಂದೆ ಬರಲಿಲ್ಲ. ಸಾವ್ಕಾರರು ಕಾಲಿನಿಂದ ಗೋಡೆಯನ್ನು ಒದ್ದು, ಒಂದೇ ಏಟಿಗೆ ಮೇಲಧಿಕಾರಿಗಳನ್ನು ಹಳೆಯ ಕಡತಗಳ ಕೋಣೆಯೊಳಗೆ ಕಳುಹಿಸಿದರು.

ಒಳಗೆ ಕಡತಗಳು ಉರುಳಿಬಿದ್ದ ಸದ್ದಾಯಿತು. ಆಮೇಲೆ ನಗು ಕೇಳಿಸಿತು. ಸೇವೆಗೆ ಸೇರಿದಾಗಿನಿಂದ ಮೇಲಧಿಕಾರಿಗಳು ನಕ್ಕಿದ್ದನ್ನು ನಾವು ಕಂಡವರಲ್ಲ, ಆದ್ದರಿಂದ ಯಾರದೆಂದು ತಿಳಿಯಲು ಒಳಗೆ ಹೋಗಿ ನೋಡಬೇಕಾಯಿತು. ಅವರು ಧೂಳು ಕೊಡವಿಕೊಳ್ಳುತ್ತ ಹೊರಬಂದು, "ತರಬೇತಿ ಅಪೂರ್ಣ. ಇನ್ನೊಂದು ಸಲ ಆಗಲಿ," ಎಂದರು.

ಮರುದಿನದಿಂದ ಎಲ್ಲ ವಿಭಾಗದವರಿಗೂ ಅಭ್ಯಾಸ ಕಡ್ಡಾಯವಾಯಿತು. ಗೋಡೆಗೆ ಈ ಪ್ರಕಟಣೆಯನ್ನು ಅಂಟಿಸಿದವನು ನಾನೇ:

"ಅಭ್ಯಾಸದ ವೇಳೆ ನೌಕರರು ಅನಗತ್ಯವಾಗಿ ನಗಬಾರದು. ಅಗತ್ಯ ಬಿದ್ದಲ್ಲಿ, ಮೇಲಧಿಕಾರಿಗಳು ನಕ್ಕ ನಂತರ, ಹುದ್ದೆಯ ಕ್ರಮದಲ್ಲಿ ನಗಬಹುದು. ಕಿರಿಯ ನೌಕರರು ಹಿರಿಯರಿಗೆ ಡಿಕ್ಕಿ ಹೊಡೆಯುವ ಮುನ್ನ ಲಿಖಿತ ಒಪ್ಪಿಗೆ ಪಡೆಯತಕ್ಕದ್ದು. ಹಿರಿಯರು ಕಿರಿಯರಿಗೆ ಹೊಡೆಯಲು ಒಪ್ಪಿಗೆ ಬೇಕಿಲ್ಲ. ಅದು ಹಿಂದಿನಿಂದಲೂ ನಡೆದುಬಂದಿದೆ."

ಗಾಳಿ ಸುದ್ದಿಗೆ ಕಾಲಿದೆ. ಕಿಟಕಿಯಿಂದ ಇಣುಕಿದ ಜನ ತಮಗೂ ತರಬೇತಿ ಬೇಕೆಂದರು. ಮಂಡಳಿ ಬೇಡವೆನ್ನಲಿಲ್ಲ, ಬಾಗಿಲಲ್ಲಿ ಶುಲ್ಕ ಇಟ್ಟಿತು. ಕಡತಗಳ ಕಪಾಟನ್ನು ಓರೆಯಾಗಿ ಮಲಗಿಸಿ ಜಾರುಬಂಡೆ ಮಾಡಿದರು. ಮಹಡಿಯ ನೀರಿನ ತೊಟ್ಟಿ ಜಲಕ್ರೀಡಾ ವಿಭಾಗವಾಯಿತು. ತೆರಿಗೆ ಬಾಕಿಯ ನೋಟಿಸನ್ನು ಕತ್ತಲೆಯಲ್ಲಿ ಓದಿ ಹೇಳುವ ಭೂತದ ಕೋಣೆಯನ್ನು ನಮ್ಮ ಲೆಕ್ಕಾಧಿಕಾರಿಗಳು ನಡೆಸಿದರು. ಜನ ಅಲ್ಲಿ ನಿಜವಾಗಿ ಕಿರುಚಿದರು. ಎಲ್ಲರ ಬಳಿಯೂ ಟಿಕೆಟ್ ಇದ್ದುದರಿಂದ ತಜ್ಞರು ಆಕ್ಷೇಪಿಸಲಿಲ್ಲ.

ಇಷ್ಟರಲ್ಲಿ ನಾನು ಒಂದು ನಿಯಮವನ್ನು ಮೇಲಧಿಕಾರಿಗಳ ಗಮನಕ್ಕೆ ತರಬೇಕಾಯಿತು. ಸಾವ್ಕಾರರ ಅರ್ಜಿ ಇನ್ನೂ ಮಂಜೂರಾಗಿರಲಿಲ್ಲ. ಅವರು ಅಭ್ಯಾಸದಲ್ಲಿ ಸಂತೋಷಪಡುತ್ತಿರುವುದು ಕಣ್ಣಿಗೆ ಕಾಣುತ್ತಿತ್ತು. ಒಪ್ಪಿಗೆಗೆ ಮುಂಚಿನ ಸಂತೋಷ ನಿಯಮಬಾಹಿರ. ಆದ್ದರಿಂದ ಅವರನ್ನು ಪಡಸಾಲೆಯಿಂದ ಎಬ್ಬಿಸಿ ಹೊರಗಿನ ಬೆಂಚಿನಲ್ಲಿ ಕೂರಿಸಲಾಯಿತು.

ಅವರು ಜಗಳವಾಡಲಿಲ್ಲ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಕಿವಿಗೆ ಮುಚ್ಚಳ ಹಾಕಿಕೊಂಡು, ಒಳಗೆ ಊರವರೆಲ್ಲ ಕುರ್ಚಿಯಲ್ಲಿ ಓಡಾಡುವುದನ್ನು ನೋಡುತ್ತ ಕೂತರು. ಸಂಜೆಗೆ, "ನನ್ನ ಸರದಿ ಯಾವಾಗ?" ಎಂದು ತಂಗಿಯನ್ನು ಕೇಳಿದರು. ತಂಗಿ, "ಬರುತ್ತೆ ಅಣ್ಣ," ಎಂದಳು. ಅವಳಿಗೆ ಸಿಕ್ಕಿದ್ದ ರಜ ಅಂದಿಗೆ ಮುಗಿದಿತ್ತು. ಮನೆಗೆ ಹೋಗುವಾಗ ಅಣ್ಣ ಕೈಗಳನ್ನು ಬೆನ್ನ ಹಿಂದೆ ಕಟ್ಟದೆ ನಡೆದದ್ದನ್ನು ಅವಳು ಗಮನಿಸಿದಳು. ನಾನೂ ಗಮನಿಸಿದೆ. ಅದನ್ನು ಬರೆದುಕೊಳ್ಳಲು ಯಾವ ಕಡತವೂ ಇರಲಿಲ್ಲ.

ಮಾರನೆಯ ವಾರ ತಂಗಿ ಅರ್ಧ ದಿನದ ಸಂಬಳ ಬಿಟ್ಟು ಅಣ್ಣನನ್ನು ಮತ್ತೆ ಕರೆತಂದಳು. ಅದೇ ಬೆಂಚಿನಲ್ಲಿ ಅವರ ಪಕ್ಕ ಒಬ್ಬರು ದೊಡ್ಡ ಮನುಷ್ಯರು ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. ಊರ ಹೊರಗಿನ ಥೀಮ್ ಪಾರ್ಕಿನ ಯಜಮಾನರು.

"ನನ್ನ ಪಾರ್ಕಿಗೆ ನೊಣ ಸಹ ಬರ್ತಿಲ್ಲಮ್ಮ," ಎಂದು ಅವರು ತಂಗಿಯ ಬಳಿ ಗೋಳು ತೋಡಿಕೊಂಡರು. "ಎಲ್ಲ ಇಲ್ಲಿಗೇ ನುಗ್ತಾರೆ. ದೂರು ಕೊಡೋಣ ಅಂತ ಬಂದರೆ, ತೊಂದರೆ ದಾಖಲಿಸೋ ಮಂಡಳಿಯೇ ಇಲ್ಲವಂತೆ."

"ದೂರು ಯಾಕೆ ಕೊಡ್ತೀರಿ?" ಎಂದಳು ತಂಗಿ. "ಇವರಿಗೆ ಈಗ ಕಚೇರಿ ನಡೆಸೋಕೆ ಜಾಗ ಇಲ್ಲ. ಕಡತ ಎಲ್ಲ ಬಚ್ಚಲಲ್ಲಿ ಇಟ್ಟಿದಾರೆ. ನಿಮ್ಮ ಪಾರ್ಕ್ ಖಾಲಿ ಇದೆ. ಬಾಡಿಗೆಗೆ ಕೊಡಿ."

ಯಜಮಾನರು ತಲೆಯ ಮೇಲಿನ ಕೈ ಇಳಿಸಿದರು.

"ಆದರೆ ಒಂದು ಮಾತು," ಎಂದು ಅವಳು ಸೇರಿಸಿದಳು. "ಅರ್ಜಿ ವಿಚಾರಿಸೋಕೆ ಬಂದವರನ್ನ ನೀವು ಗೇಟಲ್ಲಿ ತಡೀಬಾರದು, ಟಿಕೆಟ್ ಕೇಳಬಾರದು."

ಕರಾರಿಗೆ ಸಹಿ ಬಿತ್ತು. ಮಂಡಳಿಯ ಹಳೆಯ ಕಟ್ಟಡ ಥೀಮ್ ಪಾರ್ಕಾಗಿ ಮುಂದುವರಿಯಿತು, ಮಂಡಳಿಯ ಕಚೇರಿ ಥೀಮ್ ಪಾರ್ಕಿಗೆ ಸ್ಥಳಾಂತರವಾಯಿತು. ಟಪಾಲು ವಿಭಾಗಕ್ಕೆ ಜಯಂಟ್ ವೀಲ್ ಸಿಕ್ಕಿತು. ಪತ್ರ ಮೇಲಿನವರಿಗೆ ಹೋಗಬೇಕೆಂದರೆ ತೊಟ್ಟಿಲಲ್ಲಿಟ್ಟು ತಿರುಗಿಸಿದರೆ ಸಾಕು. ಅದು ಮತ್ತೆ ನಮ್ಮ ಬಳಿಗೇ ಬರುತ್ತದೆ, ಮೊದಲೂ ಹಾಗೆಯೇ ಬರುತ್ತಿತ್ತು. ಮೇಲಧಿಕಾರಿಗಳಿಗೆ, ತಜ್ಞರಿಗೆ, ನನಗೆ ಡ್ಯಾಶಿಂಗ್ ಕಾರಿನ ಅಂಗಳವನ್ನು ಕೊಟ್ಟರು. ಆಸನ ವ್ಯವಸ್ಥೆ ಬೇರೆ ಇಲ್ಲದ್ದರಿಂದ ಕಾರುಗಳಲ್ಲೇ ಕೂತು ಕಡತ ನೋಡುತ್ತೇವೆ. ಕಾರುಗಳು ಒಂದು ಕಡೆ ನಿಲ್ಲುವುದಿಲ್ಲ. ಆದ್ದರಿಂದ ಸಾರ್ವಜನಿಕರು ತಾವೂ ಒಂದು ಕಾರು ಹತ್ತಿ, ಸಂಬಂಧಪಟ್ಟ ಅಧಿಕಾರಿಯನ್ನು ಬೆನ್ನಟ್ಟಿ, ಡಿಕ್ಕಿ ಹೊಡೆದು ಗಮನ ಸೆಳೆಯತಕ್ಕದ್ದು ಎಂದು ಹೊಸ ಸುತ್ತೋಲೆ ಬಂದಿದೆ. ಇದು ವಿಚಾರಣೆ, ಸಂತೋಷವಲ್ಲ, ಆದ್ದರಿಂದ ಒಪ್ಪಿಗೆ ಬೇಕಿಲ್ಲ.

ಸಾವ್ಕಾರರು ಮೊದಲ ಶನಿವಾರವೇ ಬಂದರು. ಕಿವಿಗೆ ಮುಚ್ಚಳ ಹಾಕಿಕೊಂಡು, ಬೇರೆ ಕಾರುಗಳ ಕಡೆ ತಿರುಗಿಯೂ ನೋಡದೆ, ನೀಲಿ ಕಾರಿನ ಬಳಿ ಹೋಗಿ ನಿಂತರು. ಅದರಲ್ಲಿ ನಾನು ಕೂತಿದ್ದೆ. ಇಳಿದು ಹಳದಿ ಕಾರು ಹತ್ತಿದೆ. ಅವರು ಕೂತರು, ಸ್ಟೀರಿಂಗನ್ನು ಮೊದಲು ಅಂಗೈಯಿಂದ ಒರೆಸಿದರು, ಆಮೇಲೆ ಹಿಡಿದುಕೊಂಡರು. ತಂಗಿ ಪಕ್ಕದಲ್ಲಿ ಕೂರಲು ಹೋದಾಗ, "ಬೇಡ. ನಾನೇ," ಎಂದರು. ಅವಳು ಕಟಕಟೆಯ ಹೊರಗೆ ನಿಂತಳು.

ಒಂದು ಸುತ್ತು ನಿಧಾನವಾಗಿ ಹೋದರು. ಎರಡನೆಯ ಸುತ್ತಿಗೆ ತಜ್ಞರ ಕಾರನ್ನು ಮೂಲೆಗೆ ಸೇರಿಸಿದರು. ಮೂರನೆಯದಕ್ಕೆ ಮೇಲಧಿಕಾರಿಗಳಿಗೆ ಎದುರಿನಿಂದ ಗುದ್ದಿದರು. ಕೊಟ್ಟ ಮಾತಿನಂತೆ ಸ್ವಲ್ಪ ಕಿರುಚಿದರು.

"ನನ್ನ ಅರ್ಜಿ ಆಯ್ತಾ?" ಎಂದು ಕೇಳಿದರು.

"ಪರಿಶೀಲನೆಯಲ್ಲಿದೆ," ಎಂದರು ಮೇಲಧಿಕಾರಿಗಳು ಟೋಪಿ ಹುಡುಕುತ್ತ. "ಮುಂದಿನ ವಾರ ಬಂದು ವಿಚಾರಿಸಿ."

ಅಂದಿನಿಂದ ಪ್ರತಿ ಶನಿವಾರ ಅವರು ತಪ್ಪದೆ ಬಂದು ವಿಚಾರಿಸುತ್ತಿದ್ದಾರೆ. ಅರ್ಜಿ ಮಂಜೂರಾದರೆ ಕಡತ ಮುಚ್ಚಿಹೋಗುತ್ತದೆ, ಕಡತ ಮುಚ್ಚಿದರೆ ವಿಚಾರಿಸುವ ಹಕ್ಕು ಹೋಗುತ್ತದೆ ಎಂದು ತಂಗಿ ಒಮ್ಮೆ ಕಳವಳಪಟ್ಟಳು. ಮೇಲಧಿಕಾರಿಗಳು ಕಾರನ್ನು ಅವಳ ಹತ್ತಿರ ತಂದು, ತಂದೆಯಂತೆ ಸಮಾಧಾನ ಹೇಳಿದರು.

"ಹೆದರಬೇಡಮ್ಮ. ನಾವಿಲ್ಲಿ ಯಾತಕ್ಕಿದ್ದೀವಿ? ನಮ್ಮ ಕೈಲಾದ ಮಟ್ಟಿಗೆ ಮಂಜೂರಾಗೋಕೆ ಬಿಡಲ್ಲ."

ತಂಗಿ ಕೈ ಮುಗಿದಳು. ಅಷ್ಟರಲ್ಲಿ ನೀಲಿ ಕಾರು ಬಂದು ಮೇಲಧಿಕಾರಿಗಳಿಗೆ ಹಿಂದಿನಿಂದ ಗುದ್ದಿತು, ಅವರ ಜೇಬಿನ ಪೆನ್ನು ನನ್ನ ಹಳದಿ ಕಾರಿನೊಳಗೆ ಬಂದು ಬಿತ್ತು. ಸಾವ್ಕಾರರು ಮುಂದೆ ಸಾಗಿದರು. ಅವರ ಹಿಂದೆ ಹದಿನೈದಿಪ್ಪತ್ತು ಅರ್ಜಿದಾರರು, ಒಬ್ಬರ ಬೆನ್ನಿಗೊಬ್ಬರು, ವಿಚಾರಿಸಲು ಬರುತ್ತಿದ್ದರು.