ಗದ್ದಲದ ಸೀಡಿ

ಚಿತ್ತಾಪುರದ ಗಣಿತ ಮಾಸ್ತರ ರಘುವೀರಾಚಾರ್ಯರಿಗೆ ಒಂದೇ ಕೊರಗು: ಇಷ್ಟು ಒಳ್ಳೆಯ ಕಂಠವಿದ್ದೂ ತಾವು ಹಾಡುವ ದಾಸರ ಪದಗಳು ಊರ ಮಠದ ಗೋಡೆ ದಾಟಲಿಲ್ಲ. (ಕಂಠ ಒಳ್ಳೆಯದೆಂದು ಹೇಳಿದವರೂ ಅವರೇ.) ಎರಡು ಸಾವಿರದ ಮೂರನೇ ಇಸವಿಯಲ್ಲಿ, ಮನೆಯಲ್ಲೇ ಕಂಪ್ಯೂಟರಿನಲ್ಲಿ ಹಾಡು ರೆಕಾರ್ಡ್ ಮಾಡಬಹುದೆಂದು ಪೇಪರಿನಲ್ಲಿ ಓದಿದ್ದೇ ತಡ, ವಾಡಿಯ ಕಂಪ್ಯೂಟರ್ ಅಂಗಡಿಯ ಖಾಜಾಮಿಯಾನ ಬೆನ್ನು ಹತ್ತಿದರು. ಯಾವ ಸೌಂಡ್ ಕಾರ್ಡು, ಎಷ್ಟು ಮೆಮೊರಿ, ಯಾವ ಸಾಫ್ಟ್‌ವೇರು? ಮೂರು ತಿಂಗಳು ಪ್ರತಿ ರವಿವಾರ ರೈಲು ಹತ್ತಿ ಹೋಗಿ ವಿಚಾರಿಸಿದರು.

"ಮಗಳಿಗೆ ವರ ನೋಡೋವಾಗ ಇಷ್ಟು ಕೇಳಿದ್ದಿಲ್ಲ ನೀವು," ಅಂದರು ಹೆಂಡತಿ ಹರಿಪ್ರಿಯಾ.

ಕೊನೆಗೆ ಖಾಜಾಮಿಯಾನೇ ಬೇಸತ್ತು ಒಂದು ಆರಿಸಿದ. "ಇದು ಪುಕ್ಕಟ ಸಾಫ್ಟ್‌ವೇರ್ ಸರ್. ಗದ್ದಲ ಎಂಥಾದು ಅಂತ ಒಮ್ಮೆ ಕೇಳಸ್ರಿ, ಹಾಡಿನಾಗಿಂದ ಅದನ್ನಷ್ಟೇ ತೆಗೀತದ."

ಕಂಪ್ಯೂಟರ್ ನಡುಮನೆಗೆ ಬಂತು. ಮಾಸ್ತರು ಹಾಡಿದರು, ಹಾಕಿ ಕೇಳಿದರು. ಪ್ರತಿ ಪದದ ಹಿಂದೆಯೂ ಅಡುಗೆಮನೆಯಿಂದ ಏನೋ ಒಂದು ದನಿ.

"ಒಳಗ ಏನು ಗುಣುಗುಡ್ಲಿಕತ್ತೀ? ಮಶೀನಿಗೆ ಎಲ್ಲಾ ಕೇಳಸ್ತದ!"

"ರೊಟ್ಟಿ ಬಡಿಯೋವಾಗ ತಾನೇ ಬರ್ತದರಿ. ಬಾಯಿ ಮುಚ್ಚಿದ್ರ ಕೈ ನಡಿಯಂಗಿಲ್ಲ."

ಸರಿ, ಶಾಸ್ತ್ರೋಕ್ತವಾಗಿಯೇ ಆಗಲೆಂದು ಮರುದಿನ ಮಾಸ್ತರು ಮೈಕ್ ಹಚ್ಚಿ, ತುಟಿ ಬಿಗಿದು, ಹತ್ತು ನಿಮಿಷ ಸುಮ್ಮನೆ ಕುಳಿತು ಬರೀ ಗದ್ದಲ ಹಿಡಿದರು. ಎರಡು ಸೀಡಿ ಮಾಡಿ, ಒಂದರ ಮೇಲೆ 'ಹಾಡು', ಇನ್ನೊಂದರ ಮೇಲೆ 'ಗದ್ದಲ' ಎಂದು ಚೀಟಿ ಅಂಟಿಸಿ, ಗದ್ದಲ ತೆಗೆಸಲೆಂದು ವಾಡಿಗೆ ಹೋದರು.

ಖಾಜಾಮಿಯಾ ಎರಡನ್ನೂ ಕೇಳಿದ. ಎರಡನೆಯದಕ್ಕೆ ಕಣ್ಣು ಮುಚ್ಚಿ, ಮುಗಿಯುವತನಕ ತೆರೆಯಲಿಲ್ಲ.

"ಸರ್, ಚೀಟಿ ಅದಲ್‌ಬದಲ್ ಆಗ್ಯಾವ," ಅಂದ, ಬಹಳ ವಿನಯದಿಂದ. "ಹಾಡಿನ ಮ್ಯಾಲ ಗದ್ದಲ ಅಂತ ಬರದೀರಿ."

ಹೆಡ್‌ಫೋನ್ ಇಸಿದುಕೊಂಡು ಮಾಸ್ತರು ತಾವೂ ಕೇಳಿದರು. ಲಗ್ನವಾಗಿ ಇಪ್ಪತ್ತೈದು ವರ್ಷ. ಅಷ್ಟು ದಿನವೂ ಹರಿಪ್ರಿಯಾ ಹಾಡುವಾಗ ತಾವೂ ಹಾಡುತ್ತಲೇ ಇದ್ದರಲ್ಲವೇ! ಸಂಜೆಯ ರೈಲಿನಲ್ಲಿ ಮನೆಗೆ ಬಂದರು.

"ಇವತ್ತ ನೀ ಮೈಕ್ ಮುಂದ ಕುಂದ್ರು."

"ನಾ ಅಲ್ಲಿ ಕುಂತ್ರ ರೊಟ್ಟಿ ಯಾರು ಬಡೀಬೇಕು?"

ಮೈಕಿನ ವೈರು ಅಡುಗೆಮನೆಯ ಹೊಸ್ತಿಲಿನವರೆಗೆ ಮಾತ್ರ ಬಂತು. ಗಣಿತ ಮಾಸ್ತರು ಹೊಸ್ತಿಲ ಮೇಲೆ ನಿಂತು, ಮೈಕ್ ಹಿಡಿದ ಕೈ ಒಲೆಯತ್ತ ಚಾಚಿದರು. ಹರಿಪ್ರಿಯಾ ಹಿಟ್ಟು ತಟ್ಟುತ್ತ ಒಂದು ಪದ ಎತ್ತಿಕೊಂಡರು. ಎರಡನೇ ನುಡಿಗೆ ರೂಢಿಯಂತೆ ಮಾಸ್ತರ ಬಾಯಿಯೂ ತೆರೆಯಿತು. ಹೆಂಡತಿ ತಿರುಗಿ ನೋಡಿದರು. ಮುಚ್ಚಿಕೊಂಡಿತು.

ನಾಲ್ಕು ಪದಗಳಾದವು. ಮಾಸ್ತರ ತೋಳು ಸೀಸದಂತೆ ಭಾರವಾಯಿತು.

"ಕೈ ಅಲುಗಾಡಸಬ್ಯಾಡ್ರಿ," ಅಂದರು ಹರಿಪ್ರಿಯಾ. "ಇನ್ನೂ ಹನ್ನೆರಡು ರೊಟ್ಟಿ ಅವ."