ಸಂಚಾಲಕಿಯ ಚೊಚ್ಚಲ ಮತ

ಮತ ಹಾಕುವುದು ಎಷ್ಟು ಸುಲಭ ಎಂಬುದನ್ನು ನ್ಯೂಯಾರ್ಕಿನ ಕ್ವೀನ್ಸ್ ಭಾಗದ ಕನ್ನಡಿಗರಿಗೆಲ್ಲ ತಿಳಿಸಿಕೊಡುವ ಘನಕಾರ್ಯಕ್ಕಾಗಿ ನಮ್ಮ ಕನ್ನಡ ಸಂಘ ಒಂದು ಸಮಿತಿ ರಚಿಸಿತು. ಮತದಾರರ ಜಾಗೃತಿ ಸಮಿತಿ. ಸಂಚಾಲಕಿ ನಾನು. ಬೇರೆ ಸದಸ್ಯರು ಯಾರೂ ಇರಲಿಲ್ಲ, ಹಾಗಾಗಿ ಸಮಿತಿಯಲ್ಲಿ ಭಿನ್ನಾಭಿಪ್ರಾಯವೂ ಇರಲಿಲ್ಲ. ವಾಟ್ಸಾಪ್ ಗ್ರೂಪು ಮಾತ್ರ ದೊಡ್ಡದಿತ್ತು. ಬೆಳಗ್ಗೆ ಎದ್ದ ಕೂಡಲೇ ಅದರಲ್ಲಿ "ಹೆಸರು ನೋಂದಾಯಿಸಿದಿರಾ?" ಎಂದು ಒಂದು ಸಂದೇಶ ಹಾಕುತ್ತಿದ್ದೆ. ಸಂಜೆ "ಇನ್ನೂ ಇಲ್ಲವೆ?" ಎಂದು ಇನ್ನೊಂದು. ನಡುವೆ ಪ್ರಜಾಪ್ರಭುತ್ವದ ಬಗ್ಗೆ ಚಿಕ್ಕದೊಂದು ಉಪನ್ಯಾಸ, ಕೈಮುಗಿದ ಚಿತ್ರಗಳ ಸಮೇತ.

ಇಷ್ಟೊಂದು ಜನೋಪಕಾರದ ಗಡಿಬಿಡಿಯಲ್ಲಿ ಒಂದು ಸಣ್ಣ ಕೆಲಸ ಮರೆತುಹೋಗಿತ್ತು. ನನ್ನ ಹೆಸರೇ ನೋಂದಣಿಯಾಗಿರಲಿಲ್ಲ! ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಬೇಸಿಗೆಯಲ್ಲಿ ನಾನೂ ನಮ್ಮ ಯಜಮಾನರೂ ಒಟ್ಟಿಗೇ ಅಮೆರಿಕದ ಪೌರತ್ವದ ಪ್ರಮಾಣ ಸ್ವೀಕರಿಸಿದ್ದೆವು. ಸಭಾಂಗಣದ ಬಾಗಿಲಲ್ಲೇ ಮತದಾರರ ನೋಂದಣಿಯ ಫಾರಂ ಹಂಚುತ್ತಿದ್ದರು. ನಾನು ಆಗ ಮೈಸೂರು ಸಿಲ್ಕ್ ಸೀರೆಯಲ್ಲಿ, ಕೈಯಲ್ಲೊಂದು ಪುಟ್ಟ ಬಾವುಟ ಹಿಡಿದು, ಬಲಗಡೆಯಿಂದ ಚೆನ್ನಾಗಿ ಕಾಣುತ್ತೇನೋ ಎಡಗಡೆಯಿಂದಲೋ ಎಂಬ ರಾಷ್ಟ್ರೀಯ ಸಮಸ್ಯೆಯಲ್ಲಿ ಮುಳುಗಿದ್ದೆ. ನಮ್ಮ ಯಜಮಾನರು ಧಾರವಾಡದವರು. ಕೂತು ಕೂತು ಬೇಸರವಾಗಿ ಫಾರಂ ತುಂಬಿ ಕೊಟ್ಟುಬಿಟ್ಟಿದ್ದರು. ಕೇಳಿದರೆ, "ಪೆನ್ ಕೊಟ್ರು, ಬರದು ಕೊಟ್ಟೆ. ಅದರಾಗೇನದ?" ಎಂದರು.

ಅವರಿಗೆ ಏನೂ ಇರಲಿಲ್ಲ, ನನಗಿತ್ತು. ನಾನು ಹುಟ್ಟಿದಾಗಿನಿಂದ ಒಂದೇ ಒಂದು ಮತ ಹಾಕಿದವಳಲ್ಲ. ಮೈಸೂರಿನಲ್ಲಿ ಮೊದಲ ಸಲ ಹೋದಾಗ ಪಟ್ಟಿಯಲ್ಲಿ ನನ್ನನ್ನು ಎಂಬತ್ತು ದಾಟಿದ ಗಂಡಸನ್ನಾಗಿ ಮಾಡಿದ್ದರು. ಮುಂದಿನ ಸಲ ಬನ್ನಿ ಎಂದರು. ಮುಂದಿನ ಸಲಕ್ಕೆ ನಾನು ಮದುವೆಯಾಗಿ ಧಾರವಾಡದಲ್ಲಿದ್ದೆ, ಆ ಮುದುಕ ಇನ್ನೂ ಮೈಸೂರಿನಲ್ಲೇ ಇದ್ದ. ಆಮೇಲೆ ಇಲ್ಲಿಗೆ ಬಂದು ಗ್ರೀನ್ ಕಾರ್ಡಿಗೆ ಕಾಯುತ್ತಾ ಅರ್ಧ ಆಯಸ್ಸು ಸವೆಸಿದೆ. ತಲೆ ನರೆತ ಮೇಲೆ ಮೊದಲ ಮತ ಎಂದು ಹೇಳಿಕೊಳ್ಳಲು ನಾಚಿಕೆ, ಒಳಗೊಳಗೇ ತಡೆಯಲಾರದಷ್ಟು ಆಸೆ.

ಅಷ್ಟರಲ್ಲಿ ತಿಳಿಯಿತು, ನಮ್ಮ ನ್ಯೂಯಾರ್ಕಿನಲ್ಲಿ ನನ್ನಂಥವರಿಗೂ ಒಂದು ದಾರಿ ಇದೆ. ಅಕ್ಟೋಬರ್ ಕೊನೆಯ ಒಂದು ಶನಿವಾರ. ಹೆಸರು ನೋಂದಾಯಿಸಲು ಅದೇ ಕೊನೆಯ ದಿನ, ಚುನಾವಣೆಗೆ ಮುಂಚೆಯೇ ಮತ ಹಾಕುವ ಮುಂಗಡ ಮತದಾನಕ್ಕೆ ಅದೇ ಮೊದಲ ದಿನ. ಹೋಗಿ ಹೆಸರು ಬರೆಸಿ, ನಿಂತ ಕಾಲಲ್ಲೇ ಮತ ಹಾಕಿ ಬರಬಹುದು! ಸೋಮಾರಿಗಳಿಗೆಂದೇ ಸರ್ಕಾರ ಇಟ್ಟ ಹಬ್ಬ.

ಒಬ್ಬಳೇ ಹೋದರೆ ಸಂಚಾಲಕಿಯ ಬಂಡವಾಳ ಬಯಲಾಗುತ್ತದೆ. ಅದಕ್ಕೆ ನಮ್ಮ ಬಿಲ್ಡಿಂಗಿನ ಮೂರನೇ ಮಹಡಿಯ ವಿಮಲಾ ಆಂಟಿಯನ್ನು ಹಿಡಿದೆ. ಅವರೂ ಹೊಸ ಪ್ರಜೆ, ಅವರದೂ ನೋಂದಣಿಯಾಗಿರಲಿಲ್ಲ. "ನಿಮಗೋಸ್ಕರ ನಾನೂ ಜೊತೆಗೆ ಬರ್ತೀನಿ ಆಂಟಿ" ಎಂದು ದೊಡ್ಡ ಮನಸ್ಸು ಮಾಡಿ ಹೇಳಿದೆ.

ಶನಿವಾರ ಬೆಳಗ್ಗೆ ಯಜಮಾನರು ಕಾರಿನ ಕೀ ಹಿಡಿದು ನಿಂತರು. ನಾನು ಕ್ಯಾಲೆಂಡರ್ ಹಿಡಿದು ನಿಂತೆ.

"ಒಂಬತ್ತರಿಂದ ಹತ್ತೂವರೆ ರಾಹುಕಾಲ ರೀ. ಜೀವನದ ಮೊದಲ ಮತ, ರಾಹುಕಾಲದಲ್ಲಿ ಬೇಡ."

"ಅದು ಬೆಂಗಳೂರಿನ ರಾಹು. ಇಲ್ಲಿ ಡೇಲೈಟ್ ಸೇವಿಂಗ್ ನಡದದ, ಗಡಿಯಾರ ಒಂದು ತಾಸು ಮುಂದ ಇಟ್ಟಾರ. ಇಲ್ಲಿ ರಾಹು ಒಂದು ತಾಸು ಮುಂದ ಬರ್ತಾನೋ ಹಿಂದ ಬರ್ತಾನೋ?"

ಯಾವುದಕ್ಕೂ ಇರಲಿ ಎಂದು ಹಿಂದೊಂದು ತಾಸು, ಮುಂದೊಂದು ತಾಸು ಬಿಟ್ಟು ಹೊರಟೆವು. ಅಷ್ಟು ಹೊತ್ತಿಗೆ ರಾಹುವಿನ ಪರಿಚಯವೇ ಇಲ್ಲದ ನಮ್ಮ ಇಡೀ ಫ್ಲಶಿಂಗ್ ಬಡಾವಣೆ ಸಾಲಿನಲ್ಲಿ ನಿಂತಿತ್ತು. ಮತಗಟ್ಟೆಯ ಬಾಗಿಲಿಂದ ಶುರುವಾದ ಸಾಲು ಲಾಂಡ್ರಿ ಅಂಗಡಿ ದಾಟಿ, ಮೂಲೆ ತಿರುಗಿ, ಸಬ್‌ವೇ ರೈಲು ನಿಲ್ದಾಣದ ಮೆಟ್ಟಿಲ ತನಕ ಬಂದಿತ್ತು. ವಿಮಲಾ ಆಂಟಿ ಜೊತೆಗೆ ತಂದಿದ್ದ ಮಡಚುವ ಕುರ್ಚಿ ಬಿಚ್ಚಿ ಕೂತರು. ನಾನು ಹೈ ಹೀಲ್ಸ್ ಹಾಕಿಕೊಂಡು ಬಂದಿದ್ದೆ, ಫೋಟೋಗೆ.

ಒಳಗೆ ನಮ್ಮ ಯಜಮಾನರ ಕೆಲಸ ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಮುಗಿಯಿತು. ಹೆಸರು ಹೇಳಿದರು, ಮತಪತ್ರ ತುಂಬಿದರು, ಯಂತ್ರ ಅದನ್ನು ನುಂಗಿತು. ನನ್ನನ್ನೂ ಆಂಟಿಯನ್ನೂ ಬೇರೆ ಮೇಜಿಗೆ ಕಳಿಸಿದರು. ಅಲ್ಲಿದ್ದ ದಪ್ಪ ಕನ್ನಡಕದ ಹೆಂಗಸು ನಿಧಾನವಾಗಿ ವಿವರಿಸಿದಳು: ಮೊದಲು ನೋಂದಣಿಯ ಫಾರಂ ತುಂಬಿ ಸಹಿ ಮಾಡಬೇಕು. ಆಮೇಲೆ ಮತಪತ್ರ. ಅದು ಯಂತ್ರಕ್ಕೆ ಹೋಗುವುದಿಲ್ಲ, ಲಕೋಟೆಯಲ್ಲಿಟ್ಟು ಅಂಟಿಸಿ, ಲಕೋಟೆಯ ಮೇಲೆ ಇನ್ನೊಂದು ಸಹಿ ಹಾಕಬೇಕು. ಚುನಾವಣಾ ಆಫೀಸಿನವರು ಎಲ್ಲ ತಾಳೆ ನೋಡಿ ಆಮೇಲೆ ಎಣಿಸುತ್ತಾರೆ. "ಓಕೇ, ಹನಿ?"

ಓಕೆ ಎಂದೆ. ನೋಂದಣಿಯ ಫಾರಂಗೆ ಇಂಗ್ಲಿಷಿನಲ್ಲಿ ಸಹಿ ಗೀಚಿದೆ, ಬ್ಯಾಂಕಿನಲ್ಲಿ ಗೀಚುವ ಹಾಗೆ. ಮತಪತ್ರವನ್ನೂ ತುಂಬಿದೆ. ನಿಜ ಹೇಳುತ್ತೇನೆ, ಕಣ್ಣಲ್ಲಿ ನೀರು ಬಂತು. ಅಲ್ಲಿಗೇ ಸುಮ್ಮನೆ ಇಂಗ್ಲಿಷಿನಲ್ಲೇ ಇನ್ನೊಂದು ಸಹಿ ಹಾಕಿ ಎದ್ದಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆದರೆ ಕೆಲಸ ಮುಗಿಸಿದ ಯಜಮಾನರು ಪಕ್ಕದಲ್ಲಿ ಬಂದು ನಿಂತಿದ್ದರು.

"ಅಲ್ಲಾ, ಹೋದ ವರ್ಷ ರಾಜ್ಯೋತ್ಸವದಾಗ ಸ್ಟೇಜ್ ಮ್ಯಾಲೆ ಎಲ್ಲಾರಿಗೂ ಪ್ರತಿಜ್ಞಾ ಮಾಡಿಸಿದ್ಯಲ್ಲ, ಇನ್ನ ಮುಂದ ಕನ್ನಡದಾಗ ಸಹಿ ಅಂತ? ಅದೇನಾತು?"

ಅಭಿಮಾನ ಕೆರಳಿತು. ಲಕೋಟೆಯ ಮೇಲೆ ದೀರ್ಘ, ಒತ್ತು ಒಂದನ್ನೂ ಬಿಡದೆ ದುಂಡಗೆ "ಸುಕನ್ಯಾ" ಎಂದು ಬರೆದು, ಕೆಳಗೆ ಒಂದು ಗೆರೆಯನ್ನೂ ಎಳೆದೆ. ಇಂಗ್ಲಿಷಿನಲ್ಲಿ ಸಹಿ ಮಾಡಲು ಹೊರಟಿದ್ದ ವಿಮಲಾ ಆಂಟಿಯ ಕೈಯನ್ನೂ ತಡೆದೆ.

"ಆಂಟಿ, ಕನ್ನಡ!"

"ಮೊದಲನೇದು ಇಂಗ್ಲಿಷಲ್ಲಿ ಹಾಕಿದೀನಲ್ಲೇ?"

"ಪರವಾಗಿಲ್ಲ, ತಿದ್ದಿಕೊಳ್ಳೋಕೆ ಯಾವಾಗಲೂ ಅವಕಾಶ ಇರುತ್ತೆ."

ಕನ್ನಡಕದ ಹೆಂಗಸು ಲಕೋಟೆ ನೋಡಿ, "ಓ, ಬ್ಯೂಟಿಫುಲ್!" ಎಂದಳು. ಅದನ್ನು ನಾನು ಅಮೆರಿಕ ಸರ್ಕಾರದ ಅಧಿಕೃತ ಪ್ರಶಸ್ತಿಯೆಂದು ಸ್ವೀಕರಿಸಿದೆ. "ನಾನು ಮತ ಹಾಕಿದೆ" ಎಂಬ ಸ್ಟಿಕ್ಕರನ್ನು ಸೀರೆಗೆ ಅಂಟಿಸಿಕೊಂಡು ಅಲ್ಲೇ ಹತ್ತಿರದ ಗಣೇಶನ ಗುಡಿಯ ಕ್ಯಾಂಟೀನಿಗೆ ಹೋಗಿ, ದೋಸೆ ಬರುವ ಮುಂಚೆಯೇ ಗ್ರೂಪಿಗೆ ಫೋಟೋ ಹಾಕಿದೆ. ಅಡಿಬರಹ: "ಅಮೆರಿಕದ ಪ್ರಜಾಪ್ರಭುತ್ವಕ್ಕೆ ಕನ್ನಡದ ಮೊಹರು!" ಮೂರು ಜನ ಹೆಬ್ಬೆರಳು ಎತ್ತಿದರು.

ಚುನಾವಣೆ ಮುಗಿದ ಮೇಲೆ ಒಂದು ಫೋನ್ ಬಂತು. ಚುನಾವಣಾ ಕಚೇರಿಯಿಂದಂತೆ. ನಿಮ್ಮ ಎರಡು ಸಹಿಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ ಮೇಡಂ, ಎಂದಿತು ಒಂದು ಗಂಡು ಧ್ವನಿ.

ನನಗೆ ನಗು ಬಂತು. ಇಂಥ ಫೋನ್ ಕಳ್ಳರನ್ನು ಎಷ್ಟು ನೋಡಿಲ್ಲ! ಒಮ್ಮೆ ಟ್ಯಾಕ್ಸ್ ಆಫೀಸು ಅಂತಾರೆ, ಒಮ್ಮೆ ಪೊಲೀಸು ಅಂತಾರೆ.

"ಹಾಗಾದರೆ ನನ್ನ ಬ್ಯಾಂಕ್ ನಂಬರೂ ಬೇಕಾಗಬಹುದಲ್ಲವೆ?" ಎಂದೆ ವ್ಯಂಗ್ಯವಾಗಿ.

ಬೇಡ ಮೇಡಂ, ಕಾಗದ ಕಳಿಸುತ್ತೇವೆ, ಒಂದು ಸಹಿ ಹಾಕಿದರೆ ಸಾಕು ಎಂದ. ಬ್ಯಾಂಕ್ ನಂಬರ್ ಬೇಡ ಎಂದಾಗಲೇ ನನ್ನ ಅನುಮಾನ ಖಚಿತವಾಯಿತು. ಇವನು ಚೆನ್ನಾಗಿ ಪಳಗಿದ ಕಳ್ಳ! ನಿನ್ನ ತಾಯಿಗೆ ಗೊತ್ತೇನಪ್ಪಾ ನೀನು ಮಾಡುವ ಕೆಲಸ ಎಂದು ಕೇಳಿ, ಸನ್ಮಾರ್ಗದ ಬಗ್ಗೆ ನಾಲ್ಕು ಮಾತು ಹೇಳಿ, ನಂಬರನ್ನು ಬ್ಲಾಕ್ ಮಾಡಿದೆ. ಕೂಡಲೇ ಗ್ರೂಪಿನಲ್ಲಿ ದಪ್ಪಕ್ಷರದಲ್ಲಿ ಹಾಕಿದೆ: "ಎಚ್ಚರಿಕೆ! ಸಹಿ ಸರಿಯಿಲ್ಲ ಎಂದು ಫೋನ್ ಬಂದರೆ ನಂಬಬೇಡಿ. ಕಾಗದ ಬಂದರೆ ಹರಿದು ಬಿಸಾಡಿ!" ಮತ್ತೆ ಮೂರು ಹೆಬ್ಬೆರಳು.

ಕಾಗದವೂ ಬಂತು. ಕಳ್ಳರು ಎಷ್ಟು ಚೆನ್ನಾಗಿ ಅಚ್ಚು ಹಾಕಿಸಿದ್ದರು! ಗ್ರೂಪಿಗೆ ಅದರ ಫೋಟೋ ಹಾಕಿ, ಕಾಗದವನ್ನು ಕರಿಬೇವಿನ ಕುಂಡದ ಕೆಳಗೆ ನೀರು ಸೋರದಂತೆ ಹಾಸಿದೆ. ಸುಮಾರು ದಿನ ಕಳೆದು ಕುಂಡ ಸರಿಸಿದ ಯಜಮಾನರು ಅದನ್ನು ನಿಂತಲ್ಲೇ ಓದಿದರು.

"ಇದು ಖರೇ ಆಫೀಸಿಂದ ಬಂದದಲ್ಲ! ಸಹಿ ಮಾಡಿ ಕಳಸಲಿಕ್ಕೆ ನಿನ್ನೆ ಕಡೀ ದಿನ ಇತ್ತು."

"ನಿನ್ನೆ?"

"ನಿನ್ನೆ."

ಕಚೇರಿಗೆ ಫೋನ್ ಮಾಡಿದೆ. ಅದೇ ಗಂಡು ಧ್ವನಿ. ತುಂಬಾ ಮರ್ಯಾದೆಯಿಂದ, ಇನ್ನು ಏನೂ ಮಾಡಲಾಗದು ಮೇಡಂ, ನಿಮ್ಮ ಮತ ಎಣಿಕೆಗೆ ಬರುವುದಿಲ್ಲ ಎಂದ. ನೋಂದಣಿ ಮಾತ್ರ ಆಗಿದೆ, ಮುಂದಿನ ಸಲ ಬನ್ನಿ ಎಂದ. ಈ ಮಾತು ಕೇಳಲು ಮೈಸೂರಿನಿಂದ ಇಷ್ಟು ದೂರ ಬರಬೇಕಿರಲಿಲ್ಲ. ಸ್ವಲ್ಪ ಹೊತ್ತು ಅಡುಗೆಮನೆಯಲ್ಲೇ ಕೂತು ಅತ್ತೆ.

ಆಮೇಲೆ ನೆನಪಾಯಿತು. ವಿಮಲಾ ಆಂಟಿ! ಅವರ ಕೈ ಹಿಡಿದು ಕನ್ನಡ ಸಹಿ ಹಾಕಿಸಿದವಳು ನಾನು, ಕಾಗದ ಹರಿದು ಬಿಸಾಡಿ ಎಂದವಳೂ ನಾನು. ಲಿಫ್ಟಿಗೆ ಕಾಯದೆ ಮೂರನೇ ಮಹಡಿಗೆ ಓಡಿದೆ. ಯಜಮಾನರೂ ಹಿಂದೆಯೇ ಬಂದರು. ಆಂಟಿ ಕೊತ್ತಂಬರಿ ಸೊಪ್ಪು ಬಿಡಿಸುತ್ತಾ ಕೂತಿದ್ದರು.

"ಆಂಟಿ, ಕ್ಷಮಿಸಿಬಿಡಿ. ಆ ಫೋನು, ಆ ಕಾಗದ, ಎಲ್ಲಾ ನಿಜ ಅಂತೆ!"

"ನಿಜ ಅಲ್ದೆ ಇನ್ನೇನು? ಪಾಪ, ಎಷ್ಟು ಚೆನ್ನಾಗಿ ಮಾತಾಡ್ದ ಆ ಹುಡುಗ. ಕಾಗದ ಬಂತು, ಸಹಿ ಮಾಡ್ದೆ, ಮೊಮ್ಮಗಳು ಕಳ್ಸಿದ್ಲು. ನನ್ನ ಮತ ಎಣಿಕೆ ಆಯ್ತಂತೆ ಕಣೇ!"

"ಮತ್ತೆ ನನ್ನ ಎಚ್ಚರಿಕೆ ನೋಡ್ಲಿಲ್ವಾ?"

"ಎಲ್ಲಿ ಹಾಕಿದ್ದೆ? ನಿನ್ನ ಗ್ರೂಪಲ್ಲಾ? ಅಯ್ಯೋ, ಬೇಜಾರ್ ಮಾಡ್ಕೋಬೇಡ ಸುಕನ್ಯಾ, ಅದನ್ನ ನಾವೆಲ್ಲಾ ಮ್ಯೂಟ್ ಮಾಡಿ ಎಷ್ಟೋ ದಿನ ಆಯ್ತು."

"ಮೂರು ಜನ ಹೆಬ್ಬೆರಳು ಎತ್ತಿದ್ರಲ್ಲ ಆಂಟಿ!"

ಹಿಂದಿನಿಂದ ಯಜಮಾನರು ಗಂಟಲು ಸರಿಮಾಡಿಕೊಂಡರು. "ಅದರಾಗ ಒಂದು ನಂದು. ನೀ ಏನ ಹಾಕಿದ್ರೂ ಒತ್ತಿಬಿಡ್ತೀನಿ, ಓದೂದಿಲ್ಲ."

ಆಂಟಿಯ ಮತ ಉಳಿಯಿತು, ಯಜಮಾನರ ಮತ ಉಳಿಯಿತು, ಗ್ರೂಪಿನಲ್ಲಿದ್ದ ಅಷ್ಟೂ ಜನರ ಮತ ಉಳಿಯಿತು. ಸಂಚಾಲಕಿಯ ಸಂದೇಶವನ್ನು ಭಕ್ತಿಯಿಂದ ಓದಿ, ಒಂದಕ್ಷರ ಬಿಡದೆ ಪಾಲಿಸಿದ ಏಕೈಕ ಪ್ರಜೆ ನಾನು!