ಮುಂದ ಚೆಕಿಂಗ್ ಐತಿ ನೋಡ್ರಿ!

ಬಸ್ಸಿನ ಕಂಡಕ್ಟರನಾದವನು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಅವೇ ಕೈ ಅಡ್ಡ ಮಾಡಿ ಬಸ್ ಹತ್ತುತ್ತವೆ. ತೊಂಬತ್ತರ ದಶಕದಲ್ಲಿ ನನಗೆ ಮಾತ್ರ ನಗು ಬರುತ್ತಿರಲಿಲ್ಲ. ಟಿಕೆಟ್ ಇಲ್ಲದವನು ಸಿಕ್ಕಿಬಿದ್ದರೆ ದಂಡ ಕಟ್ಟಿ ಇಳಿದು ಹೋಗುತ್ತಾನೆ, ಮೆಮೊ ಬರುವುದು ಕಂಡಕ್ಟರನಿಗೆ. ಚೆಕಿಂಗ್ ಸಾಹೇಬರೊಬ್ಬರು ನನಗೂ ಒಂದು ಮೆಮೊ ಕೊಡಿಸಿದ್ದರು; ಇನ್ನೊಬ್ಬ ಸಿಕ್ಕರೆ ಸಸ್ಪೆಂಡ್ ಎಂದು ಡಿಪೋ ಮ್ಯಾನೇಜರ್ ನನಗೆ ಮುಖದ ಮೇಲೇ ಹೇಳಿದ್ದರು.

ಇಂಡಿ

ದಂಡ ಏರಿಸಿದರೆ ಜನ ಹೆದರುತ್ತಾರೆಂದು ಮೇಲಿನವರು ಪ್ರತಿ ಬಸ್ಸಿನಲ್ಲೂ ಕೆಂಪಕ್ಷರದಲ್ಲಿ ಬರೆಸಿದರು: ಟಿಕೆಟ್ ಇಲ್ಲದಿದ್ದರೆ ಭಾರೀ ದಂಡ, ಇಲ್ಲವೇ ಜೈಲು. ಇಂಡಿಯಲ್ಲಿ ಹತ್ತಿದ ನಿಂಬೆಕಾಯಿ ವ್ಯಾಪಾರಿಯೊಬ್ಬ ಅದನ್ನು ಇಡೀ ಬಸ್ಸಿಗೆ ಕೇಳುವಂತೆ ಓದಿದ.

“ಛಲೋ ಮಾಡ್ಯಾರ. ಜೈಲಿಗೆ ಹಾಕಿ ಮ್ಯಾಲೆ ಎರಡು ಬಾರಿಸಬೇಕ್ರಿ ಇಂಥವ್ರಿಗೆ.”

“ನಿಮ್ಮ ಟಿಕೆಟ್ ರೀ?”

“ನನಗ್ಯಾಕ್ರಿ? ಈ ಹಾದ್ಯಾಗ ಚೆಕಿಂಗ್ ಎಲ್ಲಿ ಬರ್ತೈತಿ!”

ಸಿಂದಗಿ

ಎದುರು ಬರುವ ಬಸ್ಸಿನ ಡ್ರೈವರ್ ಕಿಟಕಿಯಿಂದ ಕೈ ಹೊರಹಾಕಿ ತಿರುಗಿಸಿದರೆ ಮುಂದೆ ಚೆಕಿಂಗ್ ನಿಂತಿದೆ ಎಂದರ್ಥ. ಇದು ನಮ್ಮವರ ಗುಟ್ಟು. ಸಿಂದಗಿ ಕಡೆ ಪ್ಯಾಸೆಂಜರಿಗೆಲ್ಲ ಅದು ಗೊತ್ತಿತ್ತು. ಒಂದು ದಿನ ಎದುರಿನವ ಕೈ ತಿರುಗಿಸಿದ್ದೇ ತಡ, ಹಲವರು ರೊಕ್ಕ ಹಿಡಿದು ನನ್ನ ಮೈಮೇಲೆ ಬಿದ್ದರು. ಆಗಲೇ ಟಿಕೆಟ್ ತಗೊಂಡಿದ್ದ ಅಜ್ಜಿಯೊಬ್ಬಳೂ ಎದ್ದಳು.

“ಇನ್ನೊಂದು ಟಿಕೆಟ್ ಹರಿಯೋ ತಮ್ಮಾ.”

“ಯಾರಿಗೆ ಆಯಿ?”

ಅಜ್ಜಿ ಸೆರಗು ಸರಿಸಿದಳು. “ಕೋಳಿಗೆ.”

ಮುಂದೆ ಚೆಕಿಂಗ್ ಇರಲೇ ಇಲ್ಲ. ಆ ಡ್ರೈವರ್ ತಂಬಾಕು ತಿಕ್ಕಿ ಕೈ ಝಾಡಿಸುತ್ತಿದ್ದನಂತೆ.

ಬಾಗೇವಾಡಿ

ಜನ ಹೆದರುವುದು ದಂಡಕ್ಕಲ್ಲ, ಚೆಕಿಂಗಿಗೆ ಎಂದು ತಿಳಿದು ಅಂದಿನಿಂದ ದಂಡದ ಮಾತೆತ್ತುವುದನ್ನೇ ಬಿಟ್ಟೆ. ಒಮ್ಮೆ ಬಸವನ ಬಾಗೇವಾಡಿಯಿಂದ ಮುದ್ದೇಬಿಹಾಳಕ್ಕೆ ಹೊರಟ ಬಸ್ ಕಿಕ್ಕಿರಿದಿತ್ತು. ಎಷ್ಟು ಕೇಳಿದರೂ ಹಿಂದಿನವರು ಟಿಕೆಟ್ ತೆಗೆಸಲಿಲ್ಲ. ರಸ್ತೆಯಲ್ಲಿ ಎದುರು ಒಂದು ಎತ್ತಿನ ಬಂಡಿಯೂ ಇರಲಿಲ್ಲ. ಆದರೂ, “ಮುಂದ ಚೆಕಿಂಗ್ ಐತಿ ನೋಡ್ರಿ!” ಎಂದು ಒದರಿದೆ. ಕೈಗಳು ಮೇಲೆದ್ದವು. ಹಿಂದಿನ ಸೀಟಿನಲ್ಲಿ ತಲೆಗೆ ಟವೆಲ್ ಹೊದ್ದು ಕೂತವನೂ ಕೈ ಚಾಚಿದ.

“ಮುದ್ದೇಬಿಹಾಳಕ್ಕ ಒಂದು. ಲಗೂ ಹರಿ.”

ಟವೆಲ್ ಜಾರಿತು. ನೋಡಿದರೆ ನನಗೆ ಮೆಮೊ ಕೊಡಿಸಿದ ಚೆಕಿಂಗ್ ಸಾಹೇಬರು! ರಜೆ ಹಾಕಿ ಊರಿಗೆ ಹೊರಟಿದ್ದರು. ಅರ್ಧ ಬಸ್ಸಿಗೆ ಟಿಕೆಟ್ ಇರಲಿಲ್ಲವೆಂಬುದನ್ನು ಅವರು ಕಣ್ಣಾರೆ ಕಂಡಿದ್ದರು. ನನ್ನ ಸಸ್ಪೆಂಡ್ ಖಾತ್ರಿ ಎಂದುಕೊಂಡೆ.

“ಸಾಹೇಬ್ರ, ನಿಮಗ ಪಾಸ್ ಐತೆಲ್ರಿ?”

“ಮನ್ಯಾಗ ಮರ್ತು ಬಂದೇನೋ ಮಾರಾಯಾ.”

ಮುದ್ದೇಬಿಹಾಳದಲ್ಲಿ ಅವರು ಇಳಿಯುವಾಗ ಬಾಗಿಲಲ್ಲೇ ಕೈಮುಗಿದೆ. “ಮೆಮೊ ಬರೀತೀರೇನ್ರಿ?”

“ಬರದ್ರ ಟಿಕೆಟ್ ಇಲ್ಲದವ್ರ ಹೆಸರೂ ಬರೀಬೇಕಾಗ್ತೈತಿ. ಸುಮ್ನಿರು.”

ಹೋದ ಜೀವ ಬಂತು. ಬಂದ ಜೀವಕ್ಕೆ ಧೈರ್ಯವೂ ಬಂತು.

“ಈ ರೂಟಿಗೆ ಚೆಕಿಂಗ್ ಮಾಡಾವ್ರು ನೀವೊಬ್ರ ಅಲ್ರಿ? ಮತ್ತ ಯಾರಿಗೆ ಅಂಜಿದ್ರಿ?”

ಸಾಹೇಬರು ಟಿಕೆಟ್ಟನ್ನು ಮಡಚಿ ಜೇಬಿಗಿಟ್ಟುಕೊಂಡು ಹೇಳಿದರು: “ನನಗ. ನಾ ಯಾರನ್ನೂ ಬಿಡಾಂವ ಅಲ್ಲ.”